ಉಲ್ಲಾಸಕ್ಕೊಂದು ಹಳೆಯ ಕಾರು



ಗೃಹಸ್ಥನಾದವನು ತಾನು ಕೊಳ್ಳುವ ವಸ್ತುಗಳನ್ನು ಆವಶ್ಯಕವಾದವು, ಅನಾವಶ್ಯಕವಾದವು ಎಂದು ಎರಡು ರಾಶಿಯಾಗಿ ವಿಂಗಡಿಸಿಕೊಂಡು, ಮೊದಲನೆಯ ರಾಶಿಯ ವಿಷಯದಲ್ಲಿ ವಿವೇಕವನ್ನೂ ಎರಡನೆಯ ರಾಶಿಯ ವಿಷಯದಲ್ಲಿ ಮನಸ್ಸಿನ ಲಹರಿಯನ್ನೂ ಅನುಸರಿಸುವುದು ಲೋಕರೂಢಿ. ಅಕ್ಕಿ ಕೊಳ್ಳುವಾಗ ಹಿಡಿಯಷ್ಟನ್ನು ಅಂಗೈಮೇಲೆ ಹರಡಿ ಕಲ್ಲು ನೆಲ್ಲು ನೋಡುವ ಮನುಷ್ಯನೇ, ಅದೇ ಪೇಟೆಯ ಇನ್ನೊಂದು ಅಂಗಡಿಯಲ್ಲಿ ಚಂದದ ಗಡಿಯಾರವೊಂದನ್ನು ಕಂಡರೆ, ಬೆಲೆ ಕೇಳುವುದಕ್ಕೆ ಮುಂಚೆಯೇ ಸೋತುಹೋಗಿರುತ್ತಾನೆ. ಈ ರೂಢಿ ತಲೆಕೆಳಗಾದುದು ಎಂಬುದು ನನ್ನ ಅಭಿಪ್ರಾಯ. ಅದನ್ನು ಸ್ಥಾಪಿಸುವುದಕ್ಕಾಗಿ, ಆವಶ್ಯಕತೆಯ ನೆಪವನ್ನು ಯಾವ ದಿಕ್ಕಿನಿಂದಲೂ ಹೇಳಿಕೊಳ್ಳಲಾಗದ ಒಂದು ಪದಾರ್ಥವನ್ನು ಈ ಹೊತ್ತಿನ ಮಾತಿಗೆ ಆರಿಸಿಕೊಂಡಿದ್ದೇನೆ. ಎರಡೇ ಆಸನಗಳುಳ್ಳ, ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಿಸಿದರೆ ಆಕಾಶಕ್ಕೆ ತೆರೆದುಕೊಳ್ಳುವ, ಅತ್ತೆಗೂ ಅಕ್ಕಿಮೂಟೆಗೂ ಸಮಾನವಾಗಿ ಸ್ಥಳ ನಿರಾಕರಿಸುವ ಸ್ಪೋರ್ಟ್ಸ್ ಕಾರೇ ಆ ಪದಾರ್ಥ. ಅದೂ ಹೊಸದಲ್ಲ, ಇತರರು ಓಡಿಸಿ ಬಿಟ್ಟದ್ದು.

ದಿನಬಳಕೆಯ ಕಾರು ಕೆಟ್ಟದಾಗಿ ಒದಗಿದರೂ, ಶಪಿಸುತ್ತ ಶಪಿಸುತ್ತಲೇ ನಾವು ಅದರಿಂದ ಕೆಲಸ ಮಾಡಿಸಿಕೊಳ್ಳುತ್ತೇವೆ. ಅದು ಕಚೇರಿಗೆ ಒಯ್ಯುತ್ತದೆ, ಮಕ್ಕಳನ್ನು ಶಾಲೆಗೆ ಮುಟ್ಟಿಸುತ್ತದೆ, ಮತ್ತು ಆ ಉಪಯೋಗವೇ ಅದರ ದೋಷಗಳನ್ನು ಮನ್ನಿಸುತ್ತದೆ. ಉಲ್ಲಾಸಕ್ಕೆಂದೇ ಕೊಂಡ ವಸ್ತುವಿಗೆ ಇಂಥ ಆಶ್ರಯವಿಲ್ಲ. ಅದು ಕೊಡಬಹುದಾದುದು ಸಂತೋಷವೊಂದೇ; ಗ್ಯಾರೇಜಿನಲ್ಲಿ ಚಕ್ರ ಕಳಚಿ ಕುಳಿತು ಆ ಸಂತೋಷವನ್ನೂ ಅದು ಕೊಡದೆ ಹೋದರೆ, ಉಳಿಯುವುದು ಸಾಲದ ಲೆಕ್ಕ ಮತ್ತು ಹೆಂಡತಿಯ ಮೌನ. ಆದಕಾರಣ ವಿವೇಕವು ಹೆಚ್ಚಾಗಿ ಬೇಕಾಗುವುದು ಇಲ್ಲಿಯೇ.

ಈ ಜಾತಿಯ ಕಾರು ನಮ್ಮ ದೇಶದಲ್ಲಿ ಬೇರೂರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆಯವರು ಫೈಬರ್ ಗ್ಲಾಸಿನ ಒಡಲೂ ರೆನೋ ಎಂಜಿನ್ನೂ ಉಳ್ಳ ಸ್ಟಾರ್ಮ್ ಎಂಬ ಪುಟ್ಟ ತೆರೆದ ಕಾರನ್ನು ಹೊರತಂದರಾದರೂ, ನಮ್ಮ ಬಿಸಿಲು, ಧೂಳು, ಅವಿಭಕ್ತ ಕುಟುಂಬ ಈ ಮೂರರ ಎದುರಿನಲ್ಲಿ ಅಂಥ ಸಾಹಸಕ್ಕೆ ಗಿರಾಕಿಗಳು ಬಹಳ ಮಂದಿ ದೊರೆಯುವಂತಿರಲಿಲ್ಲ. ಇದರ ನಿಜವಾದ ತೌರು ಇಂಗ್ಲೆಂಡು. ವರ್ಷದಲ್ಲಿ ಬಹುಕಾಲ ಮೋಡ ಮುಸುಕಿರುವ ದೇಶದವರೇ ಸೂರಿಲ್ಲದ ಕಾರನ್ನು ಇಷ್ಟು ಗಾಢವಾಗಿ ಪ್ರೀತಿಸಿದ್ದು ವಿಚಿತ್ರವಾಗಿ ತೋರಬಹುದು. ಆದರೆ ಬಿಸಿಲು ಅಪರೂಪವಾದಲ್ಲಿ ಬಿಸಿಲು ಬಂದ ಗಳಿಗೆಯನ್ನು ಪೂರ್ತಿಯಾಗಿ ಅನುಭವಿಸಬೇಕೆಂಬ ಆತುರವೂ ಹೆಚ್ಚುವುದು ಸಹಜ. ಅಲ್ಲಿಯ ಆಸ್ಪತ್ರೆಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಕನ್ನಡಿಗ ಮಿತ್ರರಲ್ಲಿ ಕೆಲವರಿಗೆ, ಮಕ್ಕಳು ಓದಿಗೆಂದು ಮನೆ ಬಿಟ್ಟ ಮೇಲೆ, ಈ ಆಸೆ ಮೊಳೆಯುವುದುಂಟು. ಎರಡರಿಂದ ನಾಲ್ಕು ಸಾವಿರ ಪೌಂಡುಗಳನ್ನು ಮಾತ್ರ ಇದಕ್ಕೆ ಮೀಸಲಿಡಬಲ್ಲ ಅಂಥ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತುಗಳನ್ನು ಹೇಳುತ್ತೇನೆ.

ಆಯ್ಕೆಗೆ ತೊಡಗುವ ಮುನ್ನ ಸ್ವಲ್ಪ ಇತಿಹಾಸ ಅಗತ್ಯ. ಏಕೆಂದರೆ ಇಂದು ಸುಲಭವಾದ ಬೆಲೆಗೆ ಏನು ದೊರೆಯುತ್ತದೆ ಎಂಬುದನ್ನು ನಿರ್ಧರಿಸಿರುವುದು ಆ ಇತಿಹಾಸವೇ. ಎರಡನೆಯ ಮಹಾಯುದ್ಧದ ತರುವಾಯ ಎಂ.ಜಿ., ಟ್ರಯಂಫ್, ಆಸ್ಟಿನ್ ಹೀಲಿ ಮೊದಲಾದ ಹೆಸರುಗಳ ಆಂಗ್ಲ ಕಾರುಗಳು ಅಮೆರಿಕದಲ್ಲಿ ದೊಡ್ಡ ಮಾರುಕಟ್ಟೆಯನ್ನು ಸಂಪಾದಿಸಿದವು. ಎಂ.ಜಿ.ಬಿ.ಯೂ ಟ್ರಯಂಫ್ ಸ್ಪಿಟ್‌ಫೈರೂ 1962ರಲ್ಲಿ ಹುಟ್ಟಿದವು. ಎಪ್ಪತ್ತರ ದಶಕದಲ್ಲಿ ಅಮೆರಿಕದ ಸುರಕ್ಷತೆಯ ಮತ್ತು ಹೊಗೆಯ ಕಾನೂನುಗಳು ಬಿಗಿಯಾದಂತೆಲ್ಲ, ಹೊಸ ವಿನ್ಯಾಸಕ್ಕೆ ಬಂಡವಾಳವಿಲ್ಲದ ಕಾರ್ಖಾನೆಗಳು ಹಳೆಯದಕ್ಕೇ ತೇಪೆ ಹಾಕುತ್ತ ಬಂದು, 1980ರಲ್ಲಿ ಎರಡನ್ನೂ ನಿಲ್ಲಿಸಿದವು. ಎಂ.ಜಿ.ಗಳು ತಯಾರಾಗುತ್ತಿದ್ದ ಆಬಿಂಗ್ಡನ್ನಿನ ಕಾರ್ಖಾನೆಯೂ ಅದೇ ವರ್ಷ ಬಾಗಿಲು ಮುಚ್ಚಿತು. ಇದಕ್ಕೆ ಒಂದು ವರ್ಷ ಮುಂಚೆ, ಬಾಬ್ ಹಾಲ್ ಎಂಬ ಅಮೆರಿಕನ್ ಪತ್ರಕರ್ತನೊಬ್ಬನು ಜಪಾನಿನ ಮಾಜ್ದಾ ಸಂಸ್ಥೆಯ ಕೆನಿಚಿ ಯಾಮಾಮೊಟೊ ಅವರೊಡನೆ ಮಾತನಾಡುತ್ತ, ಆ ಹಳೆಯ ಬ್ರಿಟಿಷ್ ಮಾದರಿಯ, ಹಗುರವಾದ, ಅಗ್ಗವಾದ ತೆರೆದ ಕಾರನ್ನು ನೀವೇಕೆ ಮಾಡಬಾರದು ಎಂದು ಕೇಳಿದ್ದನು. ಆ ಬೀಜ ಹತ್ತು ವರ್ಷಗಳ ತರುವಾಯ ಫಲಿಸಿತು. 1989ರ ಫೆಬ್ರುವರಿಯಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮಾಜ್ದಾ ಎಂ.ಎಕ್ಸ್.-5 ಪ್ರಕಟವಾಯಿತು. ಅದರ ಯಶಸ್ಸನ್ನು ಕಂಡು ಇತರರಿಗೂ ಧೈರ್ಯ ಬಂದು, ಎಂ.ಜಿ.ಎಫ್., ಬಿ.ಎಂ.ಡಬ್ಲ್ಯು. ಜ಼ೆಡ್-3, ಪೋರ್ಷೆ ಬಾಕ್ಸ್‌ಟರ್, ಟೊಯೋಟಾದ ಮೂರನೆಯ ತಲೆಮಾರಿನ ಎಂ.ಆರ್.-2 ಇವೆಲ್ಲ ಮುಂದಿನ ಹತ್ತು ವರ್ಷಗಳೊಳಗೆ ಸಾಲುಗಟ್ಟಿದವು. ಮಿತವ್ಯಯದ ಗಿರಾಕಿಗೆ ಇಂದು ಆಯ್ಕೆ ಎಂಬುದೊಂದು ಇದ್ದರೆ, ಅದು ಆ ಸುಭಿಕ್ಷದ ಶೇಷ.

ಯಾವ ಹೆಸರಿನ ಕಾರನ್ನೇ ನೋಡಲಿ, ಮೊದಲು ತಿಳಿದಿರಬೇಕಾದ ತತ್ತ್ವ ಒಂದುಂಟು. ಸಾಮಾನ್ಯ ಕಾರಿನಲ್ಲಿ ಮೇಲಿನ ತಗಡು ಮಳೆಯನ್ನು ತಡೆಯುವುದಕ್ಕಷ್ಟೇ ಇರುವುದಲ್ಲ. ಒಡಲು ತಿರುಚಿಕೊಳ್ಳದಂತೆ ಬಿಗಿಹಿಡಿಯುವ ಕೆಲಸದಲ್ಲಿ ಅದಕ್ಕೆ ದೊಡ್ಡ ಪಾಲಿದೆ. ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯನ್ನು ಎರಡು ಮೂಲೆ ಹಿಡಿದು ತಿರುಚಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆರೆದ ಕಾರಿನಲ್ಲಿ ಆ ಭಾರವನ್ನು ಹೊರುವುದು ಕೆಳಗಿನ ನೆಲವೂ, ಬಾಗಿಲುಗಳ ಅಡಿಯಲ್ಲಿ ಮುಂಗಾಲಿಯಿಂದ ಹಿಂಗಾಲಿಯವರೆಗೆ ಹರಿಯುವ, ಸಿಲ್ ಎಂದು ಕರೆಯುವ ಟೊಳ್ಳು ತೊಲೆಗಳೂ. ಆ ತೊಲೆಗಳಿಗೆ ಒಳಗಿನಿಂದ ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಯೇ ಹೋಯಿತು. ಇಂಗ್ಲೆಂಡಿನಲ್ಲಿ ಚಳಿಗಾಲದ ಮಂಜುಗಡ್ಡೆಯನ್ನು ಕರಗಿಸುವುದಕ್ಕೆ ರಸ್ತೆಗಳ ಮೇಲೆ ಉಪ್ಪನ್ನು ಚೆಲ್ಲುವ ಪದ್ಧತಿ ಇರುವುದರಿಂದ ತುಕ್ಕಿಗೆ ಅಲ್ಲಿ ರಾಜೋಪಚಾರ. ಎಂಜಿನ್ನು ಸವೆದಿದ್ದರೆ ಇನ್ನೊಂದು ಎಂಜಿನ್ನನ್ನು ಒಂದೆರಡು ದಿನಗಳಲ್ಲಿ ಕೂರಿಸಬಹುದು. ಸಿಲ್ಲನ್ನು ಕೊಯ್ದು ಹೊಸ ಉಕ್ಕನ್ನು ಬೆಸೆಯುವುದು, ಕೂಲಿ ದುಬಾರಿಯಾದ ಆ ದೇಶದಲ್ಲಿ, ಕಾರಿನ ಬೆಲೆಯನ್ನೇ ನುಂಗುವ ಕೆಲಸ. ಆದ್ದರಿಂದ ಕೊಳ್ಳತಕ್ಕವನು ಒಡಲನ್ನು ಕೊಳ್ಳಬೇಕು. ಯಂತ್ರವು ಅದರ ಜೊತೆಗೆ ಬರುವ ಉಪವಸ್ತು ಎಂದು ತಿಳಿಯಬೇಕು.

ಈ ತತ್ತ್ವವನ್ನು ಕೈಯಲ್ಲಿ ಹಿಡಿದು ಎಂ.ಜಿ.ಬಿ.ಯ ಬಳಿಗೆ ಹೋಗೋಣ. ಮುಚ್ಚಿದ ಜಿ.ಟಿ. ಮಾದರಿಯೂ ಸೇರಿ 5 ಲಕ್ಷಕ್ಕೂ ಮೀರಿ ತಯಾರಾದ, 1.8 ಲೀಟರಿನ ಸರಳ ಎಂಜಿನ್ನಿನ ಈ ಕಾರಿಗೆ ಬಿಡಿಭಾಗಗಳ ಕೊರತೆ ಎಂಬುದಿಲ್ಲ; 1988ರಿಂದ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯವರು ಇದಕ್ಕೆ ಸಂಪೂರ್ಣ ಹೊಸ ಒಡಲನ್ನೇ ಅಚ್ಚೊತ್ತಿ ಮಾರುವುದಕ್ಕೆ ತೊಡಗಿದರು. ಸ್ವಂತ ಕೈಯಲ್ಲಿ ಸ್ಪ್ಯಾನರು ಹಿಡಿಯಬಲ್ಲವನಿಗೆ ಇದಕ್ಕಿಂತ ಸಾಧುವಾದ ಕಾರಿಲ್ಲ. ಆದರೆ ಇದಕ್ಕೆ ಬೇರೆ ಚಾಸಿಸ್ ಇಲ್ಲ, ಒಡಲೇ ಆಧಾರ. ಆದುದರಿಂದ ಸಿಲ್ಲಿನ ಪರೀಕ್ಷೆ ಇಲ್ಲಿ ನಿರ್ಣಾಯಕ. ಮಾರುವವನ ಅಪ್ಪಣೆ ಪಡೆದು ಕಾರನ್ನು ಒಂದು ಪಕ್ಕದಲ್ಲಿ ಜಾಕಿನಿಂದ ಎತ್ತಿಸಿ, ಬಾಗಿಲಿನ ಹಿಂದಣ ಸಂದು ಕಿರಿದಾಗುತ್ತದೆಯೋ, ಬಾಗಿಲು ಮೊದಲಿನಂತೆ ತೆರೆದು ಮುಚ್ಚುತ್ತದೆಯೋ ನೋಡಬೇಕು. ಸಂದು ಕದಲಿತೆಂದರೆ ಸಿಲ್ಲಿನೊಳಗೆ ಉಕ್ಕಿಲ್ಲ, ಉಕ್ಕಿನ ನೆನಪು ಇದೆ. 1974ರ ಕೊನೆಯಿಂದ ಬಂದ ಎಂ.ಜಿ.ಬಿ.ಗಳಿಗೆ ಅಮೆರಿಕದ ಕಾನೂನಿಗಾಗಿ ಥಳಥಳಿಸುವ ಕ್ರೋಮಿಯಂ ಬಂಪರು ಹೋಗಿ ಕಪ್ಪು ರಬ್ಬರಿನ ಬಂಪರು ಬಂದಿತು, ಒಡಲು ನೆಲದಿಂದ ತುಸು ಮೇಲಕ್ಕೇರಿತು. ರಸಿಕರು ಇದನ್ನು ವಿರೂಪವೆಂದು ಮೂಗು ಮುರಿಯುತ್ತಾರೆ. ಆ ಮೂಗುಮುರಿತದಿಂದಲೇ ಅವುಗಳ ಬೆಲೆ ಇಳಿದಿದೆ. ಕಾರಿನೊಳಗೆ ಕುಳಿತವನಿಗೆ ತನ್ನ ಬಂಪರು ಕಾಣುವುದಿಲ್ಲ ಎಂಬುದನ್ನು ಅರಿತ ಮಿತವ್ಯಯಿಗೆ ಇದೊಂದು ಅನುಕೂಲವೇ.

ಸ್ಪಿಟ್‌ಫೈರಿಗೆ ನಮ್ಮೊಡನೆ ದಾಯಾದಿ ಸಂಬಂಧವುಂಟು. ಮದರಾಸಿನಲ್ಲಿ 1961ರಿಂದ ತಯಾರಾಗಿ ನಮ್ಮ ಊರುಗಳಲ್ಲಿಯೂ ವೈದ್ಯರ, ವಕೀಲರ ಮನೆಗಳ ಮುಂದೆ ನಿಲ್ಲುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಹಿರಿಯ ಶ್ರೋತೃಗಳು ಮರೆತಿರಲಾರರು. ಅದರ ಮೂಲವಾದ ಟ್ರಯಂಫ್ ಹೆರಾಲ್ಡಿನ ಚಾಸಿಸ್ಸನ್ನೇ ಗಿಡ್ಡ ಮಾಡಿ, ಅದರ ಮೇಲೆ ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಒಡಲನ್ನು ಕೂರಿಸಿದುದೇ ಸ್ಪಿಟ್‌ಫೈರು. ಬಾನೆಟ್ಟು ಮುಂದಣ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಂಡು ಇಡೀ ಎಂಜಿನ್ನು ಬಯಲಿಗೆ ಬರುವ ಸೊಗಸು ಎರಡಕ್ಕೂ ಸಮಾನ. ಇದರಲ್ಲಿ ಒಂದು ಗುಟ್ಟಿನ ಪರೀಕ್ಷೆ ಇದೆ: ಒಬ್ಬರು ಒಳಗೆ ಕುಳಿತು ಕ್ಲಚ್ಚನ್ನು ತುಳಿದು ಬಿಡುತ್ತಿರಲು, ಇನ್ನೊಬ್ಬರು ನಿಂತ ಎಂಜಿನ್ನಿನ ಮುಂಭಾಗದ ಪುಲ್ಲಿಯನ್ನು ದೃಷ್ಟಿಸಬೇಕು. ಅದು ಕಣ್ಣಿಗೆ ಕಾಣುವಷ್ಟು ಮುಂದಕ್ಕೂ ಹಿಂದಕ್ಕೂ ಸರಿದರೆ, ಕ್ರ್ಯಾಂಕ್‌ಶಾಫ್ಟನ್ನು ಹದ್ದಿನಲ್ಲಿಡುವ ಥ್ರಸ್ಟ್ ವಾಷರುಗಳು ಸವೆದಿವೆ. ಅವು ಕಳಚಿ ಕೆಳಗಿನ ಎಣ್ಣೆಯ ತೊಟ್ಟಿಗೆ ಬೀಳುವವರೆಗೆ ಉಪೇಕ್ಷೆ ಮಾಡಿದ್ದರೆ ಎಂಜಿನ್ನಿನ ಆಸೆಯನ್ನೇ ಬಿಡಬೇಕು. ಮಾರುವವನು ಎಷ್ಟೇ ಮಧುರವಾಗಿ ಮಾತನಾಡುತ್ತಿದ್ದರೂ ಪುಲ್ಲಿ ಸುಳ್ಳು ಹೇಳುವುದಿಲ್ಲ.

ಇವೆರಡೂ ಹಳೆಯ ಕಾಲದ ಕಾರುಗಳು. ವಾರಕ್ಕೊಮ್ಮೆಯಾದರೂ ಬಾನೆಟ್ಟು ತೆರೆದು ಎಣ್ಣೆ, ನೀರು, ಕಾರ್ಬುರೇಟರುಗಳೊಡನೆ ಕುಶಲಪ್ರಶ್ನೆ ಮಾಡುವ ಸ್ವಭಾವವಿಲ್ಲದವರಿಗೆ ಒಗ್ಗತಕ್ಕವಲ್ಲ. ಕೀಲಿ ತಿರುಗಿಸಿದೊಡನೆ ಹೊರಡಬೇಕು, ಆದರೂ ಆ ಹಳೆಯ ಸುಖ ಬೇಕು ಎಂಬುವರಿಗೆ ಮಾಜ್ದಾ ಎಂ.ಎಕ್ಸ್.-5 ಇರುವುದು. ಮುಂದೆ ಎಂಜಿನ್ನು, ಹಿಂದಿನ ಚಕ್ರಗಳಿಗೆ ಚಾಲನೆ, ಒಂದು ಟನ್ನಿಗಿಂತ ಕಡಿಮೆ ತೂಕ, 1.6 ಲೀಟರಿನಿಂದ ಸುಮಾರು 115 ಕುದುರೆಶಕ್ತಿ. ಕುದುರೆಯೂ ಸವಾರನೂ ಒಂದೇ ಪ್ರಾಣವಾಗಬೇಕೆಂಬ ಜಪಾನೀ ಆದರ್ಶವನ್ನು ಮುಂದಿಟ್ಟುಕೊಂಡು, ತೋಶಿಹಿಕೊ ಹಿರಾಯಿ ಅವರ ನೇತೃತ್ವದಲ್ಲಿ ಇದು ರೂಪುಗೊಂಡಿತು. 2016ರ ಹೊತ್ತಿಗೆ ನಾಲ್ಕು ತಲೆಮಾರುಗಳಲ್ಲಿ 10 ಲಕ್ಷ ಕಾರುಗಳು ತಯಾರಾದುವೆಂದರೆ, ಹಳೆಯದನ್ನು ಹುಡುಕುವವನಿಗೆ ಒಂದು ಬೇಡವಾದರೆ ಇನ್ನೊಂದನ್ನು ನೋಡುವ ಸ್ವಾತಂತ್ರ್ಯ ಎಷ್ಟು ಎಂಬುದನ್ನು ನೀವೇ ಊಹಿಸಬಹುದು. ಜಪಾನಿನಲ್ಲಿಯೂ ಬಲಗಡೆಯೇ ಸ್ಟೀರಿಂಗ್ ಇರುವುದರಿಂದ, ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಅಲ್ಲಿ ಓಡಿದ ಕಾರುಗಳೂ ಹಡಗೇರಿ ಇಂಗ್ಲೆಂಡಿಗೆ ಬಂದಿವೆ.

ಇದರ ದೋಷಗಳನ್ನೂ ಹೇಳಬೇಕು. 1991ರವರೆಗಿನ ಮೊದಮೊದಲ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡವಾಗಿದ್ದು, ಅದರ ಪುಲ್ಲಿ ಸಡಿಲವಾಗಿ ಹಾಳಾಗುವ ಸಂಭವವಿತ್ತು. ಅನಂತರ ಅದನ್ನು ತಿದ್ದಿದರು. 1995ರ ತರುವಾಯ ಯೂರೋಪಿಗೆ ಬಂದ 1.6 ಲೀಟರಿನ ಕಾರುಗಳಲ್ಲಿ ಶಕ್ತಿಯನ್ನು ಸುಮಾರು 90ಕ್ಕೆ ಇಳಿಸಿದ್ದರೆಂಬುದು ತಿಳಿಯದೆ ಕೊಂಡವರು ಪೆಚ್ಚಾಗುತ್ತಾರೆ. ಟೈಮಿಂಗ್ ಬೆಲ್ಟನ್ನು 60,000 ಮೈಲಿಗೊಮ್ಮೆ ಬದಲಿಸಿರುವುದಕ್ಕೆ ರಸೀತಿ ಇರಬೇಕು. ಮೊದಲ ತಲೆಮಾರಿನ ಟಾಪಿನ ಹಿಂಗಿಟಕಿ ಪ್ಲಾಸ್ಟಿಕ್ಕಿನದು. ಜಿಪ್ಪು ಬಿಚ್ಚದೆ ಟಾಪನ್ನು ಮಡಿಸಿದ ಅವಸರದ ಒಡೆಯರ ಇತಿಹಾಸ ಅದರ ಮೇಲಿನ ಬಿರುಕುಗಳಲ್ಲಿ ಬರೆದಿರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ನೀರಿನ ಕತೆ. ಟಾಪಿನ ಮೇಲೆ ಬಿದ್ದ ಮಳೆನೀರು ಆಸನಗಳ ಹಿಂದಿರುವ ಒಂದು ಗುಪ್ತವಾದ ದೋಣಿಗೆ ಇಳಿದು, ಎರಡು ಪಕ್ಕದ ಸಣ್ಣ ಕೊಳವೆಗಳ ಮೂಲಕ ಹಿಂದಿನ ಚಕ್ರಗಳ ಮುಂಭಾಗದಲ್ಲಿ ನೆಲಕ್ಕೆ ಹೋಗುವಂತೆ ಏರ್ಪಾಡಿದೆ. ಮರದ ಕೆಳಗೆ ನಿಂತ ಕಾರಿನಲ್ಲಿ ಎಲೆ, ಕಸ, ಮಣ್ಣು ಸೇರಿ ಆ ಕೊಳವೆ ಮುಚ್ಚಿಕೊಂಡರೆ, ನೀರು ಬೇರೆ ದಾರಿ ಹಿಡಿದು ಸಿಲ್ಲಿನ ಟೊಳ್ಳಿಗೆ ಇಳಿಯುತ್ತದೆ. ವರ್ಷಾನುಗಟ್ಟಲೆ ಅಲ್ಲಿಯೇ ನಿಂತು, ಹೊರಗಿನ ಬಣ್ಣ ಮಿರುಗುತ್ತಿರುವಾಗಲೇ ಒಳಗಿನ ಉಕ್ಕನ್ನು ತಿನ್ನುತ್ತದೆ. ಮೃದುವಾದ ತಂತಿಯೊಂದನ್ನು ಆ ಕೊಳವೆಯಲ್ಲಿ ಆಡಿಸಿದ್ದರೆ ಐದು ನಿಮಿಷದ, ಕಾಸಿಲ್ಲದ ಕೆಲಸ. ಆಡಿಸದಿದ್ದರೆ ಬೆಸುಗೆಯವನಿಗೆ ಸಾವಿರಗಳಲ್ಲಿ ಕಾಣಿಕೆ. ಹಿಂದಿನ ಚಕ್ರದ ಮುಂದಿರುವ ಸಿಲ್ಲಿನ ಕೊನೆಯನ್ನು ಬೆರಳಿಂದ ಒತ್ತಿ ನೋಡಿ; ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಡಿದು ನೋಡಿ. ಅದು ಅಂಟಿಕೊಳ್ಳದ ಕಡೆ ಇರುವುದು ಲೋಹವಲ್ಲ, ಪುಟ್ಟಿ. 1998ರಲ್ಲಿ ಮಾರುಕಟ್ಟೆಗೆ ಬಂದ ಎರಡನೆಯ ತಲೆಮಾರಿನಲ್ಲಿ ಈ ರೋಗದ ಜೊತೆಗೆ ಮುಂಭಾಗದ ಚಾಸಿಸ್ ತೊಲೆಗಳ ತುಕ್ಕೂ ಸೇರಿದೆ. ಕಾರಿನ ಅಡಿ ಹೊಕ್ಕು ದೀಪ ಹಿಡಿದು ನೋಡದೆ ಅದು ತಿಳಿಯದು.

ಉಳಿದವುಗಳ ವಿಷಯದಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಎಂ.ಜಿ.ಎಫ್. ಅಗ್ಗ, ಸುಂದರ, ಓಡಾಟದಲ್ಲಿ ಚತುರ. ಆದರೆ ಅದರ ಕೆ-ಸೀರೀಸ್ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ಟು ಲೋಕಪ್ರಸಿದ್ಧ ದುರ್ಬಲ, ಅದನ್ನು ಉತ್ತಮವಾದುದಕ್ಕೆ ಬದಲಿಸಿರುವ ದಾಖಲೆಯಿಲ್ಲದೆ ಮುಟ್ಟಬಾರದು. ಟೊಯೋಟಾ ಎಂ.ಆರ್.-2 ಚುರುಕಿನಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಮೊದಲ ವರ್ಷಗಳ ಕಾರುಗಳು ಎಣ್ಣೆ ಕುಡಿಯುವುದೂ, ಎಂಜಿನ್ನಿಗೆ ಅಂಟಿಕೊಂಡ ಪೂರ್ವಭಾಗದ ಕ್ಯಾಟಲಿಸ್ಟು ಪುಡಿಯಾಗಿ ಎಂಜಿನ್ನನ್ನೇ ಹಾಳುಮಾಡುವುದೂ ಉಂಟು. ಇಬ್ಬರ ಸಾಮಾನಿಗೂ ಅದರಲ್ಲಿ ಜಾಗವಿಲ್ಲ. ಬಾಕ್ಸ್‌ಟರಿನ ಹಳೆಯ ಕಾರುಗಳ ಬೆಲೆ ಇಳಿದು ಸಾಮಾನ್ಯನ ಕೈಗೆಟುಕುವಂತೆ ಕಾಣುವಾಗ ವಿಶೇಷವಾಗಿ ಎಚ್ಚರದಿಂದಿರಬೇಕು: ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹೊಸದಿದ್ದಾಗ ಶ್ರೀಮಂತರಿಗೆಂದು ನಿಗದಿಯಾದ ಬ್ರೇಕು, ಕ್ಲಚ್ಚು, ಬೇರಿಂಗುಗಳ ದರವನ್ನೇ ಹತ್ತನೆಯ ಕೈಯ ಬಡವನೂ ತೆರಬೇಕು.

ಪರೀಕ್ಷೆಯ ಕ್ರಮ ಹೀಗಿರಲಿ. ಹೋದೊಡನೆ, ಮಾತಿಗೆ ಮುಂಚೆ, ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, ತಣ್ಣಗಿರುವಾಗ ಚಾಲೂ ಆಗುವ ಕಷ್ಟವನ್ನು ಮರೆಮಾಡುವುದಕ್ಕೆ ಯಾರೋ ಮುಂಚೆಯೇ ಓಡಿಸಿದ್ದಾರೆ. ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. 1018 ಎಂದಿದ್ದರೆ 2018ರ ಹತ್ತನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಅಪರೂಪಕ್ಕೆ ಓಡುವ ಇಂಥ ಕಾರುಗಳಲ್ಲಿ ಟೈರು ಸವೆಯುವುದಕ್ಕೆ ಮೊದಲು ಮುದಿಯಾಗಿ ಗಡುಸಾಗುತ್ತದೆ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ನಾಲ್ಕೂ ಒಂದೇ ಉತ್ತಮ ಹೆಸರಿನವಾಗಿದ್ದರೆ ಒಡೆಯನು ಕೈಬಿಗಿ ಮಾಡಿದವನಲ್ಲ. ನಾಲ್ಕು ನಾಲ್ಕು ಕುಲದವಾಗಿದ್ದರೆ, ಕಣ್ಣಿಗೆ ಬೀಳದ ಭಾಗಗಳಲ್ಲಿಯೂ ಆತನ ಧೋರಣೆ ಅದೇ ಆಗಿದ್ದೀತು. ಕಂಬಳಿಯನ್ನು ಎತ್ತಿ ನೆಲದ ತೇವವನ್ನು ಮುಟ್ಟಿ ನೋಡಿ, ಡಿಕ್ಕಿಯ ಮೂಲೆಗಳನ್ನು ನೋಡಿ. ಮಳೆಯ ದಿನ ಹೋಗುವುದು ಇನ್ನೂ ಉತ್ತಮ. ಬಿಸಿಲಿನಲ್ಲಿ ಎಲ್ಲ ಟಾಪುಗಳೂ ಸೋರದವೇ.

ಕಾಗದಪತ್ರಗಳು ಒಡಲಿನಷ್ಟೇ ಮಾತನಾಡುತ್ತವೆ. ಇಂಗ್ಲೆಂಡಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷವೂ ಎಂ.ಒ.ಟಿ. ಎಂಬ ಸರಕಾರಿ ತಪಾಸಣೆ ವಿಧಿ. 2005ರಿಂದೀಚಿನ ಅದರ ಫಲಿತಾಂಶಗಳನ್ನು, ನೋಂದಣಿ ಸಂಖ್ಯೆಯೊಂದಿದ್ದರೆ, ಯಾರು ಬೇಕಾದರೂ ವೆಚ್ಚವಿಲ್ಲದೆ ನೋಡಬಹುದು. ಯಾವ ವರ್ಷ ಎಷ್ಟು ಮೈಲಿ, ಯಾವ ವರ್ಷ ಸಿಲ್ಲಿನ ಬಗ್ಗೆ ತಪಾಸಣೆಯವನ ಎಚ್ಚರಿಕೆ, ಮರುವರ್ಷ ಆ ಎಚ್ಚರಿಕೆ ಮಾಯವಾದುದು ಬೆಸುಗೆಯಿಂದಲೋ ಬಣ್ಣದಿಂದಲೋ, ಇವೆಲ್ಲ ಅಲ್ಲಿ ಓದಿಕೊಳ್ಳಬಹುದಾದ ಸಂಗತಿಗಳು. 40 ವರ್ಷ ಮೀರಿದ, ಮೂಲರೂಪ ಕೆಡದ ಕಾರುಗಳಿಗೆ 2018ರ ಮೇ ತಿಂಗಳಿನಿಂದ ಈ ತಪಾಸಣೆ ಕಡ್ಡಾಯವಲ್ಲ. ಕಡ್ಡಾಯವಲ್ಲದಿದ್ದರೂ ತಾನಾಗಿಯೇ ವರ್ಷವರ್ಷವೂ ಮಾಡಿಸಿರುವ ಎಂ.ಜಿ.ಬಿ. ಒಡೆಯನೊಬ್ಬನು ಸಿಕ್ಕಿದರೆ, ಅವನು ಕೇಳುವ ಹೆಚ್ಚಿನ ನೂರು ಪೌಂಡುಗಳ ಬಗ್ಗೆ ಚೌಕಾಸಿ ಮಾಡದೆ ಕೊಟ್ಟುಬಿಡುವುದೇ ಲಾಭ. ಏಕೆಂದರೆ ನೀವು ಕೊಳ್ಳುತ್ತಿರುವುದು ಅವನ ಶ್ರದ್ಧೆಯನ್ನು.

ಹಣದ ವಿನಿಯೋಗದಲ್ಲಿ ನನ್ನ ಸಲಹೆ ಸರಳವಾದುದು. ಇರುವ ಮೊತ್ತದಲ್ಲಿ ನಾಲ್ಕರಲ್ಲೊಂದು ಪಾಲನ್ನು ಕಾರಿಗೆಂದು ಎಣಿಸದೆ ಬೇರೆಯಾಗಿ ಇಡಬೇಕು. ಮೊದಲ ವರ್ಷದಲ್ಲಿ ಟೈರು, ಎಣ್ಣೆ, ಬೆಲ್ಟು, ಬ್ಯಾಟರಿಗಳು ಅದನ್ನು ಕೇಳದೆ ಬಿಡುವುದಿಲ್ಲ. ಪೂರ್ತಿ ನಾಲ್ಕು ಸಾವಿರ ಕೊಟ್ಟು ಒಳ್ಳೆಯ ಹೆಸರಿನ ಬಳಲಿದ ಕಾರನ್ನು ತರುವುದಕ್ಕಿಂತ, ಮೂರು ಸಾವಿರಕ್ಕೆ ಸಾಮಾನ್ಯ ಹೆಸರಿನ ಆರೋಗ್ಯವಂತ ಕಾರನ್ನು ತಂದು ಉಳಿದುದನ್ನು ಅದರ ಪೋಷಣೆಗೆ ಇಡುವುದು ಲೇಸು. ಕಾಲವನ್ನೂ ನೋಡಬೇಕು. ವಸಂತದ ಮೊದಲ ಬಿಸಿಲು ಬಿದ್ದೊಡನೆ ಇಂಗ್ಲೆಂಡಿನವರೆಲ್ಲರಿಗೂ ಇದೇ ಆಸೆ ಹುಟ್ಟಿ ಬೆಲೆ ಏರುತ್ತದೆ. ನವೆಂಬರಿನ ಮಬ್ಬಿನಲ್ಲಿ ತೆರೆದ ಕಾರನ್ನು ನೆನೆಯುವವರು ಕಡಿಮೆ, ಮಾರುವವರು ಮೆತ್ತಗಾಗಿರುತ್ತಾರೆ. ವರ್ಷಕ್ಕೆ ಇಷ್ಟೇ ಮೈಲಿ ಎಂದು ಒಪ್ಪಿಕೊಂಡರೆ ಹಳೆಯ ಕಾರುಗಳಿಗೆ ಕಡಿಮೆ ಕಂತಿನ ವಿಮೆಯೂ ದೊರೆಯುವುದುಂಟು.

ಇಷ್ಟೆಲ್ಲ ವಿಚಾರ ಮಾಡಿದರೆ ಉಲ್ಲಾಸವೇ ಉಡುಗಿಹೋಗುವುದಿಲ್ಲವೇ ಎಂದು ರಸಿಕರು ಆಕ್ಷೇಪಿಸಬಹುದು. ನಾನು ಹಾಗೆ ತಿಳಿಯೆನು. ವಿಚಾರಕ್ಕೆ ಅದರದೇ ಆದ ಕಾಲವುಂಟು. ಅದು ಹಣ ಕೈ ಬಿಡುವುದಕ್ಕೆ ಮುಂಚಿನ ಕಾಲ. ಆಗ ಅದಕ್ಕೆ ಪೂರ್ತಿ ಮರ್ಯಾದೆ ಸಲ್ಲಿಸಿದವನು ಆಮೇಲೆ ಅದನ್ನು ಮನೆಯಲ್ಲಿಯೇ ಬಿಟ್ಟು ಹೊರಡಬಹುದು. ಆಗ ಸಲ್ಲಿಸದವನ ಪಕ್ಕದ ಆಸನದಲ್ಲಿ ಅದು ಚಿಂತೆಯ ವೇಷದಲ್ಲಿ ಬಂದು ಕುಳಿತುಕೊಳ್ಳುತ್ತದೆ, ಪ್ರತಿಯೊಂದು ಕೀರಲು ಸದ್ದಿಗೂ ಬೆಚ್ಚಿಸುತ್ತದೆ, ಮತ್ತು ಇರುವುದು ಎರಡೇ ಆಸನಗಳಾದ್ದರಿಂದ ಇನ್ನೊಬ್ಬರಿಗೆ ಸ್ಥಳವನ್ನೇ ಉಳಿಸುವುದಿಲ್ಲ. ಆದ್ದರಿಂದ ಸಂದೇಹ ಬಂದ ಕಾರನ್ನು ನಮಸ್ಕಾರ ಹೇಳಿ ಬಿಟ್ಟುಬನ್ನಿ. ಹತ್ತು ಲಕ್ಷ ತಯಾರಾದ ವಸ್ತುವಿನಲ್ಲಿ ನಿಮಗೆ ಸಲ್ಲಬೇಕಾದ ಒಂದು ಇನ್ನೊಬ್ಬರ ಗ್ಯಾರೇಜಿನಲ್ಲಿ ಇದ್ದೇ ಇರುತ್ತದೆ, ಅದನ್ನು ಹುಡುಕುವುದಕ್ಕೆ ನಿಮಗೆ ಯಾವ ಅವಸರವೂ ಇಲ್ಲ. ಅನಾವಶ್ಯಕ ವಸ್ತುವಿನ ದೊಡ್ಡ ಗುಣವೇ ಅದು: ಅದಿಲ್ಲದೆ ನಾಳೆಯೂ ಕಳೆಯುತ್ತದೆ, ನಾಡಿದ್ದೂ ಕಳೆಯುತ್ತದೆ, ಕಾಯುವ ಬಲ ಸದಾ ಕೊಳ್ಳುವವನ ಕೈಯಲ್ಲಿಯೇ ಉಳಿಯುತ್ತದೆ.